ಚೆನ್ನೆಮಣೆಯ ಮೊದಲ ಸರದಿ: ಎಂಟನೆಯ ತರಗತಿಯ ಒಂದು ಗಣಿತ ಪಾಠ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಸಿದ್ಧಕಟ್ಟೆಯ ಹತ್ತಿರದ ಒಂದು ಶಾಲೆ. ಎಂಟನೆಯ ತರಗತಿ, 28 ಮಕ್ಕಳು, ಘಟಕ ಬೀಜೋಕ್ತಿಗಳು. ಸ್ಥಳೀಯ ಸಂಪನ್ಮೂಲ ಬಳಸಿ ಎಂದು ಕಾಲೇಜಿನಲ್ಲಿ ಪದೇ ಪದೇ ಕೇಳಿದ್ದೆ. ಅಜ್ಜಿಯ ಚೆನ್ನೆಮಣೆ ಅಟ್ಟದಲ್ಲಿದೆ ಎಂಬುದು ನೆನಪಾಯಿತು. ಒಂದು ಸಾಲಿಗೆ 7ರಂತೆ ಎರಡು ಸಾಲು, ಒಟ್ಟು 14 ಗುಳಿ. ಗುಳಿಗೆ 4ರಂತೆ 56 ಕೆಂಪು ಮಂಜೊಟ್ಟಿ ಕಾಯಿ. ಪಾಠೋಪಕರಣ ಸಿದ್ಧವಾಯಿತು ಎಂದುಕೊಂಡೆ.

ಅಜ್ಜಿ ಕೊಡಲಿಲ್ಲ. "ಆಟಿ ಕಳೆದು ಎಷ್ಟು ದಿನ ಆಯ್ತು? ಈಗ ಮಣೆ ಕೆಳಗೆ ಇಳಿಸ್ಲಿಕ್ಕಿಲ್ಲ ಮಗಾ" ಎಂದರು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳಲ್ಲಿ ಮಾತ್ರ ಚೆನ್ನೆ ಆಡುವುದು ತುಳುನಾಡಿನ ಕ್ರಮ. ಮಳೆ ಬಿಡದ, ಗದ್ದೆ ಕೆಲಸ ಮುಗಿದ ಕಾಲ ಅದು. ವಾದ ಮಾಡದೆ ಹುಣಸೆ ಬೀಜ ತೊಳೆದು ಒಣಗಿಸಿ 7 ಗುಂಪುಗಳಿಗೆ 392 ಎಣಿಸಿದೆ. ಗುಳಿಗಳ ಬದಲು ನೆಲದ ಮೇಲೆ ಚಾಕ್‌ಪೀಸಿನಿಂದ ಬರೆದ ವೃತ್ತಗಳು.

ಚೆನ್ನೆಯ ನಿಯಮ ಮನೆಯಿಂದ ಮನೆಗೆ ಬೇರೆ. ತರಗತಿಗೆ ಒಂದನ್ನೇ ಇಟ್ಟುಕೊಂಡೆ. ತನ್ನ ಸಾಲಿನ ಒಂದು ಗುಳಿಯ ಕಾಯಿಗಳನ್ನೆಲ್ಲ ಎತ್ತಿ, ಮುಂದಿನ ಗುಳಿಗಳಿಗೆ ಒಂದೊಂದಾಗಿ ಒಂದೇ ದಿಕ್ಕಿನಲ್ಲಿ ಹಾಕುತ್ತ ಹೋಗಬೇಕು. ಕೈ ಖಾಲಿಯಾದಾಗ ಅದರ ಮುಂದಿನ ಗುಳಿಯದನ್ನು ಎತ್ತಿ ಮುಂದುವರಿಸಬೇಕು. ಆ ಮುಂದಿನ ಗುಳಿಯೇ ಖಾಲಿ ಇದ್ದರೆ ಅದರಾಚೆಯ ಗುಳಿಯ ಕಾಯಿಗಳು ಆಟಗಾರರಿಗೆ. ಅಲ್ಲಿಗೆ ಸರದಿ ಮುಗಿಯಿತು.

ಮೊದಲ ಪಾಠದ ಉದ್ದೇಶವನ್ನು ಹೀಗೆ ಬರೆದಿದ್ದೆ: ಗುಳಿಗೆ x ಕಾಯಿಯಾದರೆ ಒಟ್ಟು 14x ಎಂದು ವಿದ್ಯಾರ್ಥಿಗಳು ಬರೆಯುವರು. 40 ನಿಮಿಷದ ಅವಧಿಯಲ್ಲಿ 30 ನಿಮಿಷ ಮಕ್ಕಳು ಆಡಿದರು. ಗದ್ದಲವೋ ಗದ್ದಲ. ಉರುಳಿಹೋದ ಬೀಜಗಳನ್ನು ಹುಡುಕಲು ಇಬ್ಬರು ಬೆಂಚಿನಡಿ ಸೇರಿದ್ದರು. ಒಂದು ಗುಂಪಿನಲ್ಲಿ ಎದುರುಬದುರು ಕುಳಿತ ಇಬ್ಬರು ಹುಡುಗಿಯರು ಎದ್ದು ನಿಂತರು. ಅವರು ಅಕ್ಕತಂಗಿಯರ ಮಕ್ಕಳು. ಅಕ್ಕತಂಗಿಯರು ಎದುರುಬದುರಾಗಿ ಚೆನ್ನೆ ಆಡಬಾರದು ಎಂಬುದು ಅವರಿಗೆ ಮನೆಯಲ್ಲಿ ಕಲಿಸಿದ ಮಾತು. ಸಿರಿ ಪಾಡ್ದನದಲ್ಲಿ ಅವಳಿಗಳಾದ ಅಬ್ಬಗ ದಾರಗೆಯರು ಚೆನ್ನೆ ಆಡುತ್ತಲೇ ಜಗಳವಾಗಿ ಸಾಯುತ್ತಾರಲ್ಲ, ಅದರ ನೆರಳು ಇದು. ಆ ಪಾಡ್ದನವನ್ನು 1990ರಲ್ಲಿ ಹಾಡಿ ಧ್ವನಿಮುದ್ರಿಸಿಕೊಟ್ಟ ಗೋಪಾಲ ನಾಯ್ಕರು ಪಕ್ಕದ ಬೆಳ್ತಂಗಡಿ ತಾಲೂಕಿನವರು. ಹುಡುಗಿಯರ ಜಾಗ ಬದಲಿಸಿದೆ. ಅದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.

ಆಗಲೇ ಹಿಂದಿನ ಸಾಲಿನ ಒಬ್ಬ ಹುಡುಗ ಎದ್ದು, "ಟೀಚರ್, ಫಸ್ಟಿಗೆ ಯಾವ ಗುಳಿಯಿಂದ ತೆಗೆದ್ರೂ ಆರೇ ಸಿಗುದು" ಎಂದ. ನಾನು ಗಡಿಯಾರ ನೋಡುತ್ತಿದ್ದೆ. "ಅದು ಮತ್ತೆ ನೋಡುವ, ಈಗ ಕುಳಿತುಕೊ" ಎಂದೆ. ಕಪ್ಪುಹಲಗೆಯ ಮೇಲೆ 14x ಬರೆದೆ. ಎಲ್ಲರೂ ಒಟ್ಟಿಗೆ ಓದಿದರು. ಗಂಟೆ ಹೊಡೆಯಿತು.

ಮಾರ್ಗದರ್ಶಕರು ಅವಲೋಕನ ಪುಸ್ತಕದಲ್ಲಿ "ಆಟ ಚೆನ್ನಾಗಿತ್ತು. ಗಣಿತ ಎಲ್ಲಿ?" ಎಂದು ಬರೆದರು. ಅದಕ್ಕಿಂತ ಹೆಚ್ಚು ನಾಟಿದ್ದು ನನ್ನ ಸಹ ಪ್ರಶಿಕ್ಷಣಾರ್ಥಿಯ ಟಿಪ್ಪಣಿ. ಆ ಹುಡುಗನ ಮಾತನ್ನು ಅವಳು ಇದ್ದ ಹಾಗೆಯೇ ಬರೆದುಕೊಂಡು, ಪಕ್ಕದಲ್ಲಿ "ಇದಕ್ಕೆ ಉತ್ತರ ಸಿಗಲಿಲ್ಲ" ಎಂದು ಗುರುತು ಹಾಕಿದ್ದಳು.

ಮೂಡುಬಿದಿರೆ ಬಸ್ಸಿನಲ್ಲಿ ಕುಳಿತು ಹಾಳೆಯ ಮೇಲೆ ಪರೀಕ್ಷಿಸಿದೆ. ಗುಳಿಗಳಿಗೆ 1ರಿಂದ 14 ಸಂಖ್ಯೆ ಕೊಟ್ಟು 1ರಿಂದ ಶುರು ಮಾಡಿದೆ. ಎತ್ತಿದ ಗುಳಿಗಳು ಕ್ರಮವಾಗಿ 1, 6, 11, 2, 8, 14, ಮತ್ತೆ 6. ಎತ್ತಿದ ಕಾಯಿಗಳು 4, 4, 4, 5, 5, 5, 1. ಕೊನೆಯ ಕಾಯಿ ಬಿದ್ದದ್ದು 7ರಲ್ಲಿ. 8 ಖಾಲಿ, 9ರಲ್ಲಿ 6 ಕಾಯಿ. ಹುಡುಗ ಹೇಳಿದ್ದು ಸರಿ! ಯಾವ ಗುಳಿಯಾದರೂ ಅಷ್ಟೇ ಏಕೆಂದರೆ, ಶುರುವಿನಲ್ಲಿ 14 ಗುಳಿಗಳೂ ಒಂದೇ ಸಮ, ಮತ್ತು ಮಣೆಗೆ ತುದಿ ಎಂಬುದಿಲ್ಲ, ಅದು ಸುತ್ತು. 3ನೆಯ ಗುಳಿಯಿಂದ ಶುರು ಮಾಡುವುದೆಂದರೆ ಸಂಖ್ಯೆಗಳನ್ನು ಎರಡು ಮನೆ ಸರಿಸಿದಂತೆ, ಅಷ್ಟೆ. ನನ್ನ 14xಗಿಂತ ಈ ಮಾತಿನಲ್ಲಿ ಎಷ್ಟೋ ಹೆಚ್ಚು ಗಣಿತವಿತ್ತು. ಬಿ.ಎಸ್ಸಿ.ಯಲ್ಲಿ ಸಮಮಿತಿಯ ಬಗ್ಗೆ ಓದಿದ ನಾನು ಅದನ್ನು ಕುಳಿತುಕೊ ಎಂದು ಕೂರಿಸಿದ್ದೆ.

ಎರಡನೆಯ ಪಾಠವನ್ನು ಆ ಹುಡುಗನ ಮಾತಿನಿಂದಲೇ ಆರಂಭಿಸಿದೆ. ಅವನನ್ನು ಕರೆದು, ಹೇಳಿದ್ದನ್ನು ಎಲ್ಲರಿಗೂ ಕೇಳುವಂತೆ ಮತ್ತೆ ಹೇಳಿಸಿದೆ. ನಾಚಿಕೊಂಡೇ ಹೇಳಿದ. ಕಪ್ಪುಹಲಗೆಯ ಮೇಲೆ 14 ಗುಳಿಗಳನ್ನು ಎರಡು ಸಾಲಿನ ಬದಲು ಗಡಿಯಾರದಂತೆ ವೃತ್ತಾಕಾರವಾಗಿ ಬರೆದೆ. ಯಾಕೆ ಆರೇ ಸಿಗುತ್ತದೆ ಎಂದು ಕೇಳಿದಾಗ ಸ್ವಲ್ಪ ಹೊತ್ತು ಮೌನ. ಆಮೇಲೆ ಒಬ್ಬಳು, "ಎಲ್ಲಿ ನಿಂತು ನೋಡಿದ್ರೂ ಒಂದೇ ರೀತಿ ಕಾಣ್ತದೆ ಟೀಚರ್" ಎಂದಳು. ಹಾಗಾದರೆ ಎರಡನೆಯ ಸರದಿಗೂ ಅಷ್ಟೇ ಸಿಗುತ್ತದೆಯೇ ಎಂದೆ. ಇಲ್ಲ, ಈಗ ಗುಳಿಗಳು ಸಮ ಇಲ್ಲ ಎಂದರು. ಅಂದರೆ ಆಯ್ಕೆಗೆ ಬೆಲೆ ಬರುವುದು ಎರಡನೆಯವರ ಕೈಯಲ್ಲಿ.

ಇಲ್ಲಿ ಮಲಯಾ ನಾಡಿನ ಚೊಂಗ್ಕಾಕ್ ಆಟವನ್ನು ಹೋಲಿಕೆಗೆ ತಂದೆ. ಅದೂ ನಮ್ಮ ಚೆನ್ನೆ, ಮಲೆನಾಡಿನ ಅಳಗುಳಿಮಣೆ, ತಮಿಳರ ಪಲ್ಲಾಂಗುಳಿಗಳ ಬಳಗದ್ದೇ. ಸಾಮಾನ್ಯವಾಗಿ ಒಬ್ಬೊಬ್ಬರಿಗೆ 7 ಗುಳಿ, ಗುಳಿಗೆ 7 ಕಾಯಿ. ಆದರೆ ಮಣೆಯ ಎರಡು ತುದಿಗಳಲ್ಲಿ ಒಂದೊಂದು ದೊಡ್ಡ ಗುಳಿಯಿದ್ದು, ಆಟಗಾರರು ತಮ್ಮದಕ್ಕೂ ಒಂದು ಕಾಯಿ ಹಾಕುತ್ತ ಹೋಗುತ್ತಾರೆ. ಕೊನೆಯ ಕಾಯಿ ಅಲ್ಲೇ ಬಿದ್ದರೆ ಮತ್ತೊಂದು ಸರದಿ. ತನ್ನ ದೊಡ್ಡ ಗುಳಿಯಿಂದ ಏಳನೆಯದಾದ ಗುಳಿಯನ್ನು ಎತ್ತಿದರೆ ಏಳನೆಯ ಕಾಯಿ ಸರಿಯಾಗಿ ಅಲ್ಲಿಗೇ ಹೋಗುತ್ತದೆ, ಬೇರೆ ಗುಳಿಯಾದರೆ ಇಲ್ಲ. "ಅಲ್ಲಿ ಫಸ್ಟಿಗೇ ಯೋಚನೆ ಮಾಡ್ಬೇಕು" ಎಂದು ಮಕ್ಕಳೇ ಹೇಳಿದರು. ದೊಡ್ಡ ಗುಳಿಯೊಂದು ಸೇರಿದ ಕೂಡಲೇ ಸುತ್ತಿನ ಸಮಾನತೆ ಮುರಿಯಿತು.

ಮುಂದಿನ ಪ್ರಶ್ನೆ: ಗುಳಿಗೆ 4ರ ಬದಲು ಬೇರೆ ಸಂಖ್ಯೆ ಹಾಕಿದರೆ? ಏಳು ಗುಂಪುಗಳಿಗೆ ಕ್ರಮವಾಗಿ 1ರಿಂದ 7. ಅದೇ 392 ಬೀಜಗಳು ಸರಿಹೋದವು. (ಹೇಗೆ ಸರಿಹೋಯಿತು ಎಂಬುದೇ ಇನ್ನೊಂದು ಲೆಕ್ಕ.) ಆಡುವ ಮೊದಲು ಊಹೆ ಬರೆಯಿರಿ ಎಂದೆ. 4ಕ್ಕೆ 6 ಬಂದಿತ್ತಲ್ಲ, ಹೆಚ್ಚಿನವರು x + 2 ಎಂದು ಬರೆದರು. 14xನಂತೆ ನಾನು ಹೇಳಿಕೊಡದೆ ಮಕ್ಕಳೇ ಬರೆದ ಬೀಜೋಕ್ತಿ ಅದು. ಆಡಿ ನೋಡಿದರೆ 1ಕ್ಕೆ 2, 2ಕ್ಕೆ 3, 3ಕ್ಕೆ 4. "ಹಾಗಾದ್ರೆ x + 1" ಎಂದರು. 4ಕ್ಕೆ 6, ಅದೂ ಬಿತ್ತು. 5ಕ್ಕೆ 7 ಬಂದಾಗ x + 2ರವರಿಗೆ ಮತ್ತೆ ಜೀವ ಬಂತು. 6ಕ್ಕೂ 7 ಬಂದಾಗ ತರಗತಿ ನನ್ನತ್ತ ತಿರುಗಿತು, ಎಣಿಕೆ ತಪ್ಪಿರಬೇಕೆಂದು. ಮತ್ತೊಂದು ಗುಂಪಿನಿಂದ ಆಡಿಸಿದೆ. 7 ಸರಿ. ಅಲ್ಲಿ ಎರಡೇ ಸಲ ಎತ್ತಿದಾಗ ಒಂದು ಸುತ್ತು ಮುಗಿದು, ಎದುರಿಗೆ ತಾವೇ ಖಾಲಿ ಮಾಡಿದ ಮೊದಲ ಗುಳಿ ಬಂದಿರುತ್ತದೆ. ಇದನ್ನು ಆರರ ಗುಂಪಿನವರೇ ವಿವರಿಸಿದರು, ನಾನಲ್ಲ.

ಕೊರತೆಗಳೂ ಇದ್ದವು. ಒಂದರ ಗುಂಪಿಗೆ ಎರಡು ನಿಮಿಷದಲ್ಲಿ ಕೆಲಸ ಮುಗಿದು ಸುಮ್ಮನೆ ಕುಳಿತರು. ಅವರಿಗೆ ಬೇರೆ ಕೆಲಸ ಇಟ್ಟುಕೊಂಡಿರಬೇಕಿತ್ತು. ಪ್ರತಿ ಬಾರಿ ಎತ್ತಿದ ಗುಳಿಯ ಸಂಖ್ಯೆಯನ್ನು ದಾಖಲಿಸಲು ಒಂದು ಕೋಷ್ಟಕವನ್ನು ಮೊದಲೇ ಕೊಡದಿದ್ದುದು ದೊಡ್ಡ ತಪ್ಪು. ಮೂರರ ಗುಂಪು ಮಧ್ಯದಲ್ಲಿ ದಾರಿ ತಪ್ಪಿ ಎರಡು ಸಲ ಮೊದಲಿನಿಂದ ಆಡಬೇಕಾಯಿತು. ಈ ಪಾಠ ಮಾಡುವವರು ಚಾಕ್‌ಪೀಸಿನ ವೃತ್ತದ ಬದಲು ಗೆರಟೆ ಬಳಸಿದರೆ ಬೀಜ ಉರುಳುವುದಿಲ್ಲ.

ಏಳರ ಗುಂಪು ಗಂಟೆ ಹೊಡೆದರೂ ಏಳಲಿಲ್ಲ. ಹನ್ನೆರಡನೆಯ ಸಲ ಎತ್ತಿದಾಗ ಕೈಯಲ್ಲಿ 13 ಬೀಜಗಳಿದ್ದವು, ಖಾಲಿ ಗುಳಿ ಇನ್ನೂ ಎದುರಾಗಿರಲಿಲ್ಲ. ಮುಂದಿನ ಅವಧಿಯ ಹಿಂದಿ ಟೀಚರ್ ಬಾಗಿಲಲ್ಲಿ ನಿಂತಿದ್ದರು. ಮಕ್ಕಳು ಪ್ರತಿ ವೃತ್ತದೊಳಗೆ ಅದರಲ್ಲಿದ್ದ ಬೀಜಗಳ ಸಂಖ್ಯೆ ಬರೆದು, ಬೀಜ ತೆಗೆದು, ಯಾರೂ ತುಳಿಯದ ಹಾಗೆ ಸುತ್ತಲೂ ಚೀಲಗಳನ್ನು ಇಟ್ಟರು.