ಮನೆಯ ಒಳಚರಂಡಿ: ದೋಷಗಳ ಪತ್ತೆ ಮತ್ತು ಪರಿಹಾರ

ಮನೆಯನ್ನು ಕೊಳ್ಳುವಾಗ ನಾವು ಅದರ ವಿಸ್ತೀರ್ಣವನ್ನು ಕೇಳುತ್ತೇವೆ. ರೈಲು ನಿಲ್ದಾಣಕ್ಕೆ ಎಷ್ಟು ನಿಮಿಷದ ನಡಿಗೆಯೆಂದು ವಿಚಾರಿಸುತ್ತೇವೆ. ಸಾಲದ ಬಡ್ಡಿಯನ್ನು ಪೈಸೆ ಬಿಡದೆ ಲೆಕ್ಕ ಹಾಕುತ್ತೇವೆ. ಆದರೆ ಆ ಮನೆಯ ಕೊಳಚೆನೀರು ಎಲ್ಲಿಗೆ ಹೋಗಿ ಸೇರುತ್ತದೆಂದು ಕೇಳುವವರು ವಿರಳ. ನೀರು ಸುಗಮವಾಗಿ ಹರಿಯುತ್ತಿರುವಷ್ಟು ದಿನ ಕೊಳವೆಗಳ ನೆನಪೇ ನಮಗಾಗುವುದಿಲ್ಲ. ಒಂದು ದಿನ ಬಚ್ಚಲಿನ ಜಾಲರಿಯಿಂದ ಹೊಲಸು ನೀರು ಮೇಲಕ್ಕೆ ಉಕ್ಕಿದಾಗ ಮಾತ್ರ ಗಾಬರಿಗೊಂಡು, ಮೊದಲು ಸಿಕ್ಕಿದವನನ್ನು ಕರೆಸಿ, ಅವನು ಕೇಳಿದಷ್ಟು ಹಣವನ್ನು ತೆರುತ್ತೇವೆ. ದೋಷವೆಲ್ಲಿದೆ ಎಂಬುದನ್ನು ಮನೆಯವರೇ ತಕ್ಕಮಟ್ಟಿಗೆ ಕಂಡುಕೊಳ್ಳುವ ಬಗೆಯನ್ನೂ, ಯಾವ ಕೆಲಸವನ್ನು ಯಾವ ಕಾರಣಕ್ಕೂ ಮಾಡಿಸಬಾರದೆಂಬುದನ್ನೂ ತಿಳಿಸುವುದೇ ಈ ಲೇಖನದ ಉದ್ದೇಶ.

ದಿವಾದಲ್ಲಿ ವಾಸಿಸುವ ಕನ್ನಡಿಗರಿಗೆ ಈ ವಿಷಯ ಹೆಚ್ಚು ಹತ್ತಿರದ್ದು. ವಸಯಿ ಮತ್ತು ಪನವೇಲಗಳ ಕಡೆಗೆ ರೈಲುಹಳಿಗಳು ಕವಲೊಡೆಯುವ ಈ ಊರು ಖಾಡಿಗೆ ಸಮೀಪವಾದ ತಗ್ಗು ಪ್ರದೇಶ. ಭತ್ತದ ಗದ್ದೆ ಹಾಗೂ ಜೌಗುನೆಲಗಳ ನಡುವಣ ಹಳ್ಳಿಯಾಗಿದ್ದುದು, 1982ರಲ್ಲಿ ರಚನೆಯಾದ ಠಾಣೆ ಮಹಾನಗರಪಾಲಿಕೆಯ ವ್ಯಾಪ್ತಿಗೆ ಸೇರಿ, ಕಾಲಕ್ರಮದಲ್ಲಿ ಕಿಕ್ಕಿರಿದ ಬಡಾವಣೆಯಾಯಿತು. ಕಟ್ಟಡಗಳು ಎದ್ದ ವೇಗದಲ್ಲಿ ಒಳಚರಂಡಿ ಬರಲಿಲ್ಲ. ಆದ್ದರಿಂದ ಇಲ್ಲಿಯ ಅನೇಕ ಕಟ್ಟಡಗಳು ತಮ್ಮ ಅಂಗಳದ ಸೆಪ್ಟಿಕ್ ಟ್ಯಾಂಕನ್ನೇ ನೆಚ್ಚಿಕೊಂಡಿವೆ.

ವ್ಯವಸ್ಥೆಯ ಪರಿಚಯ

ಪ್ರತಿಯೊಂದು ಬಚ್ಚಲು, ಶೌಚಾಲಯ ಮತ್ತು ಪಾತ್ರೆ ತೊಳೆಯುವ ಸಿಂಕಿನ ಕೆಳಗೆ ಬಾಗಿದ ಕೊಳವೆಯೊಂದಿರುತ್ತದೆ. ಇದನ್ನು ಟ್ರ್ಯಾಪ್ ಎನ್ನುತ್ತಾರೆ. ಇದರಲ್ಲಿ ಸುಮಾರು 50 ಮಿಲಿಮೀಟರಿನಷ್ಟು ನೀರು ಸದಾ ನಿಂತಿದ್ದು, ಕೊಳವೆಯೊಳಗಣ ದುರ್ವಾಸನೆಯೂ ಕೀಟಗಳೂ ಮನೆಯೊಳಕ್ಕೆ ಬರದಂತೆ ತಡೆಯುತ್ತದೆ. ಅಲ್ಲಿಂದ ನೀರು ಗೋಡೆಯ ಮಗ್ಗುಲಿನ ನಿಲುಗೊಳವೆಗೆ ಸೇರಿ, ನೆಲದ ಮಟ್ಟದಲ್ಲಿರುವ ಚೇಂಬರುಗಳ ಸಾಲಿಗೆ ಇಳಿಯುತ್ತದೆ. ಚೇಂಬರುಗಳ ನಡುವಿನ ನಾಲ್ಕು ಅಂಗುಲದ ಕೊಳವೆಗೆ ಸಾಮಾನ್ಯವಾಗಿ 40 ಅಡಿಗೆ 1 ಅಡಿಯ ಇಳಿಜಾರು ಕೊಡುತ್ತಾರೆ. ಇಳಿಜಾರು ಕಡಿಮೆಯಾದರೆ ಮಲ ಅಲ್ಲಲ್ಲೇ ತಂಗುತ್ತದೆ. ನೆಲ ಕುಸಿದಲ್ಲಿ ಕೊಳವೆಯೂ ಕುಸಿದು, ಮೊದಲಿದ್ದ ಇಳಿಜಾರು ತಪ್ಪುವುದುಂಟು. ನಿಲುಗೊಳವೆಯ ತುದಿಯನ್ನು ತಾರಸಿಯ ಮೇಲಕ್ಕೆ ತೆರೆದು ಬಿಟ್ಟಿರುವುದು ಗಾಳಿಯಾಡುವುದಕ್ಕಾಗಿ, ಅದನ್ನು ಮುಚ್ಚಬಾರದು.

ಲಕ್ಷಣಗಳಿಂದ ದೋಷವನ್ನು ತಿಳಿಯುವ ಕ್ರಮ

ವೈದ್ಯರು ಔಷಧಿ ಬರೆಯುವ ಮುನ್ನ ಲಕ್ಷಣಗಳನ್ನು ಕೇಳುವಂತೆ, ಇಲ್ಲಿಯೂ ಮೊದಲು ಲಕ್ಷಣಗಳನ್ನು ಗಮನಿಸಬೇಕು.

1. ಒಂದೇ ಕಡೆ, ಉದಾಹರಣೆಗೆ ಸಿಂಕಿನಲ್ಲಿ ಮಾತ್ರ, ನೀರು ನಿಧಾನವಾಗಿ ಇಳಿದರೆ ದೋಷವಿರುವುದು ಅದರ ಟ್ರ್ಯಾಪಿನಲ್ಲಿ ಅಥವಾ ಕಿರುಗೊಳವೆಯಲ್ಲಿ. ಜಿಡ್ಡು, ಅನ್ನದ ಅಗುಳು, ಚಹಾಪುಡಿಗಳೇ ಇದಕ್ಕೆ ಕಾರಣ.

2. ಒಂದು ಮನೆಯ ಎಲ್ಲ ಕಡೆಯೂ ನೀರು ನಿಂತು, ಮೇಲಿನ ಹಾಗೂ ಕೆಳಗಿನ ಮನೆಗಳಲ್ಲಿ ತೊಂದರೆಯಿಲ್ಲದಿದ್ದರೆ ದೋಷ ಆ ಮನೆಯ ಕವಲುಗೊಳವೆಯಲ್ಲಿದೆ.

3. ಮೇಲಿನವರು ನೀರು ಸುರಿದಾಗ ನೆಲಮಾಳಿಗೆಯ ಮನೆಯಲ್ಲಿ ಉಕ್ಕಿದರೆ, ನಿಲುಗೊಳವೆಯ ಬುಡದಲ್ಲಿ ಅಥವಾ ಅದರ ಮುಂದಿನ ಚೇಂಬರಿನಲ್ಲಿ ತಡೆಯುಂಟಾಗಿದೆ. ನೆಲಮಾಳಿಗೆಯವರು ತಮ್ಮ ಮನೆಯ ನೆಲವನ್ನು ಅಗೆಸುವುದು ವ್ಯರ್ಥ.

4. ನೀರು ಇಳಿಯುವಾಗ ಗುಳುಗುಳು ಸದ್ದಾದರೆ ಕೊಳವೆ ಅರ್ಧ ಕಟ್ಟಿದೆ ಅಥವಾ ತಾರಸಿಯ ಗಾಳಿಗೊಳವೆ ಮುಚ್ಚಿದೆ.

5. ನೀರು ಚೆನ್ನಾಗಿ ಹರಿಯುತ್ತಿದ್ದರೂ ವಾಸನೆ ಬಂದರೆ ಟ್ರ್ಯಾಪಿನ ನೀರು ಒಣಗಿದೆಯೆಂದು ಶಂಕಿಸಬೇಕು. ಬೇಸಿಗೆಯ ರಜೆಯಲ್ಲಿ ಒಂದು ತಿಂಗಳು ಊರಿಗೆ ಹೋಗಿ ಮರಳಿದವರು ಬೀಗ ತೆಗೆದೊಡನೆ ಮೂಗು ಮುಚ್ಚಿಕೊಳ್ಳುವುದು ಇದರಿಂದಲೇ. ಪ್ರತಿಯೊಂದು ಜಾಲರಿಗೂ ಎರಡು ತಂಬಿಗೆ ನೀರು ಹಾಕಿದರೆ ಸಾಕು. ಊರಿಗೆ ಹೊರಡುವಾಗ ಆ ನೀರಿನ ಮೇಲೆ ಒಂದೆರಡು ಚಮಚ ಅಡುಗೆಯೆಣ್ಣೆ ಬಿಟ್ಟರೆ ನೀರು ಬೇಗನೆ ಆರುವುದಿಲ್ಲ.

6. ಕೆಳಮನೆಯ ಚಾವಣಿ ಒದ್ದೆಯಾಗಿದ್ದರೆ ಜಗಳಕ್ಕಿಂತ ಮೊದಲು ಪರೀಕ್ಷೆಯಾಗಲಿ. ಮೇಲಿನ ಮನೆಯ ನಳದ ಕವಾಟವನ್ನು ಕೆಲವು ಗಂಟೆ ಮುಚ್ಚಿಡಿರಿ. ತೊಟ್ಟಿಕ್ಕುವುದು ನಿಂತರೆ ಶುದ್ಧನೀರಿನ ಕೊಳವೆ ಸೋರುತ್ತಿದೆ. ನಿಲ್ಲದಿದ್ದರೆ ಬಚ್ಚಲಿಗೆ ಬಣ್ಣ ಕದಡಿದ ನೀರನ್ನು ಸುರಿದು ನೋಡಬೇಕು. ಕೆಳಗೆ ಅದೇ ಬಣ್ಣ ಕಂಡರೆ ದೋಷ ಬಚ್ಚಲಿನ ಕೊಳವೆಯಲ್ಲಿ ಅಥವಾ ನೆಲದ ಸಂದಿನಲ್ಲಿದೆ.

ಚೇಂಬರುಗಳ ಪರೀಕ್ಷೆ ಇನ್ನೂ ಸರಳ. ಕೊಕ್ಕೆಯಿಂದ ಮುಚ್ಚಳಗಳನ್ನು ಸಾಲಾಗಿ ತೆರೆಸಿ, ಮಕ್ಕಳನ್ನೂ ಬೆಂಕಿಯನ್ನೂ ದೂರವಿರಿಸಿ, ನಿಂತಲ್ಲಿಂದಲೇ ನೋಡಬೇಕು. ಒಂದು ಚೇಂಬರು ತುಂಬಿದ್ದು ಮುಂದಿನದು ಬರಿದಾಗಿದ್ದರೆ ತಡೆ ಆ ಎರಡರ ನಡುವೆ ಇದೆ. ಎಲ್ಲವೂ ತುಂಬಿದ್ದರೆ ದೋಷ ಸೆಪ್ಟಿಕ್ ಟ್ಯಾಂಕಿನಲ್ಲಿ ಅಥವಾ ಅದರಾಚೆಯ ನಾಲೆಯಲ್ಲಿದೆ. ಮಳೆಗಾಲದಲ್ಲಿ ಭರತದ ವೇಳೆಗೆ ನೀರು ಏರಿ, ಇಳಿತದ ವೇಳೆಗೆ ತಾನಾಗಿ ಇಳಿದರೆ, ಹೊರಹರಿವಿನ ಬಾಯಿ ಮುಳುಗುತ್ತಿದೆಯೆಂದೇ ತಿಳಿಯಬೇಕು. ಆಗ ಕೋಲು ಆಡಿಸಿ ಫಲವಿಲ್ಲ. ಹಿಮ್ಮುಖ ಹರಿವನ್ನು ತಡೆಯುವ ಕವಾಟವನ್ನು ಬಲ್ಲವರಿಂದ ಕೂಡಿಸಿ, ಆ ಕೆಲವು ಗಂಟೆ ಎಲ್ಲರೂ ನೀರಿನ ಬಳಕೆಯನ್ನು ತಗ್ಗಿಸಬೇಕು.

ಮನೆಯಲ್ಲೇ ಮಾಡಬಹುದಾದ ಪರಿಹಾರ

ಮೊದಲು ರಬ್ಬರಿನ ಪಂಪು, ಅನಂತರ ಸುರುಳಿ ತಂತಿ. ಅನೇಕ ತಡೆಗಳು ಇಷ್ಟಕ್ಕೇ ಬಿಡುತ್ತವೆ. ಸಿಂಕಿನ ಜಿಡ್ಡಿಗೆ ವಾಷಿಂಗ್ ಸೋಡಾ ಮತ್ತು ಬಿಸಿನೀರು ಒಳ್ಳೆಯದು. ಆದರೆ ಕುದಿಯುವ ನೀರಿನಿಂದ ಪಿ.ವಿ.ಸಿ. ಕೊಳವೆಗಳು ಮೆದುವಾಗಿ ಸೊಟ್ಟಗಾಗುತ್ತವೆ. ಆಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಎಂದಿಗೂ ಒಟ್ಟಿಗೆ ಸುರಿಯಬಾರದು. ಅದರಿಂದೇಳುವ ಕ್ಲೋರಿನ್ ಅನಿಲ ಶ್ವಾಸಕೋಶಗಳನ್ನು ಸುಡುತ್ತದೆ. ಚೇಂಬರುಗಳ ನಡುವಿನ ತಡೆಗೆ ಹೊರಗೆ ನಿಂತು ಆಡಿಸುವ ಉದ್ದನೆಯ ಕಂಬಿಗಳೂ, ರಭಸದಿಂದ ನೀರು ಚಿಮ್ಮಿಸುವ ಯಂತ್ರವೂ ಇವೆ. ಒಂದೇ ಜಾಗ ಪದೇ ಪದೇ ಕಟ್ಟಿದರೆ ಕೊಳವೆ ಒಡೆದಿದೆ, ಕುಸಿದಿದೆ ಅಥವಾ ಮರದ ಬೇರು ನುಸುಳಿದೆ ಎಂದರ್ಥ. ಆಗ ಅಗೆದು ಹೊಸ ಕೊಳವೆ ಹಾಕಿಸುವುದೇ ಮಿತವ್ಯಯ.

ಸೆಪ್ಟಿಕ್ ಟ್ಯಾಂಕು ಮತ್ತು ಮನುಷ್ಯನ ಪ್ರಾಣ

ಸೆಪ್ಟಿಕ್ ಟ್ಯಾಂಕಿನಲ್ಲಿ ಮಲವನ್ನು ಜೀವಾಣುಗಳು ಕೊಳೆಯಿಸುತ್ತವೆ. ಉಳಿದ ರಾಡಿ ತಳದಲ್ಲಿ ಕೂಡುತ್ತದೆ. ಅದನ್ನು ಎರಡು ಮೂರು ವರ್ಷಗಳಿಗೊಮ್ಮೆ ಹೀರುಯಂತ್ರದ ಲಾರಿಯಿಂದ ತೆಗೆಸಬೇಕು. ಉಕ್ಕುವವರೆಗೆ ಕಾದರೆ ರಾಡಿ ಗಟ್ಟಿಯಾಗಿ ಯಂತ್ರಕ್ಕೆ ಬಗ್ಗುವುದಿಲ್ಲ. ಆಗಲೇ ಯಾರನ್ನಾದರೂ ಒಳಗಿಳಿಸುವ ಮಾತು ಹುಟ್ಟುತ್ತದೆ.

ನಾನು ನಮ್ಮ ಸೊಸೈಟಿಯ ಖಜಾಂಚಿಯಾಗಿದ್ದ ವರ್ಷ ಈ ಕೆಲಸಕ್ಕೆ ಎರಡು ದರಪತ್ರಗಳು ಬಂದವು. ಅಭ್ಯಾಸಬಲದಿಂದ ಕಡಿಮೆ ಮೊತ್ತದ್ದಕ್ಕೆ ನಾನು ಗುರುತು ಹಾಕಿದ್ದೆ. ಸಭೆಯಲ್ಲಿ ಸದಸ್ಯೆಯೊಬ್ಬರು, "ಇವರಲ್ಲಿ ಎಷ್ಟು ಜನ ಒಳಗಿಳಿಯುತ್ತಾರೆ?" ಎಂದು ಕೇಳಿದರು. ವಿಚಾರಿಸಿದಾಗ, ಮೇಲಿನ ನೀರನ್ನು ಪಂಪಿನಿಂದ ತೆಗೆದು ತಳದ ರಾಡಿಗೆ ಇಬ್ಬರು ಬಕೆಟ್ ಹಿಡಿದು ಇಳಿಯುವರೆಂದು ತಿಳಿಯಿತು. ಎರಡು ದರಗಳ ನಡುವಣ ವ್ಯತ್ಯಾಸ ಅದೇ ಆಗಿತ್ತು. ಆ ಗುರುತನ್ನು ಹೊಡೆದುಹಾಕಿ ನಾವು ಯಂತ್ರವನ್ನೇ ತರಿಸಿದೆವು. ಆ ಪ್ರಶ್ನೆಯನ್ನು ನಾನೇ ಕೇಳಲಿಲ್ಲವಲ್ಲ ಎಂಬ ನಾಚಿಕೆ ನನಗೆ ಇಂದಿಗೂ ಇದೆ.

ಟ್ಯಾಂಕಿನೊಳಗೆ ಆಮ್ಲಜನಕ ಕಡಿಮೆ. ಮೀಥೇನ್ ಮತ್ತು ಹೈಡ್ರೋಜನ್ ಸಲ್ಫೈಡ್ ಅನಿಲಗಳು ತುಂಬಿರುತ್ತವೆ. ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್, ಪ್ರಮಾಣ ಹೆಚ್ಚಿದಾಗ ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ಹೋಯಿತೆಂದು ಧೈರ್ಯ ತಾಳಿದವನು ಕ್ಷಣಗಳಲ್ಲಿ ಕುಸಿಯುತ್ತಾನೆ. ಅವನನ್ನೆತ್ತಲು ಇಳಿದವನೂ ಅಲ್ಲೇ ಬೀಳುತ್ತಾನೆ. ಯಾರಾದರೂ ಬಿದ್ದರೆ ಹಿಂದೆಯೇ ಇಳಿಯದೆ ಅಗ್ನಿಶಾಮಕ ದಳವನ್ನು ಕರೆಯಬೇಕು.

2019ರ ಡಿಸೆಂಬರಿನಲ್ಲಿ ಮುಂಬಯಿಯ ಗೋವಂಡಿಯಲ್ಲಿ ವಸತಿ ಸೊಸೈಟಿಯೊಂದರ ಟ್ಯಾಂಕನ್ನು ಶುಚಿಗೊಳಿಸುವಾಗ ಮೂವರು ಕಾರ್ಮಿಕರು ಅಸುನೀಗಿದರು. ಅವರ ಪತ್ನಿಯರು ಮುಂಬಯಿ ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. 2021ರಲ್ಲಿ ನ್ಯಾಯಾಲಯವು ತಲಾ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆಜ್ಞಾಪಿಸಿತು. 2013ರ ಕಾನೂನಿನ ಪ್ರಕಾರ, ರಕ್ಷಣಾ ಸಾಧನಗಳೂ ಮುನ್ನೆಚ್ಚರಿಕೆಗಳೂ ಇಲ್ಲದೆ ಯಾರನ್ನಾದರೂ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕಿನ ಶುಚಿಕಾರ್ಯಕ್ಕೆ ತೊಡಗಿಸುವುದು ಅಪರಾಧ. ಮೊದಲ ತಪ್ಪಿಗೆ ಎರಡು ವರ್ಷಗಳವರೆಗೆ ಸೆರೆವಾಸ, ಅಥವಾ 2 ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. 2023ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ಸಾವಿನ ಪರಿಹಾರಧನವನ್ನು 30 ಲಕ್ಷಕ್ಕೆ ಏರಿಸಿತು. ಗುತ್ತಿಗೆದಾರನಿಗೆ ಒಪ್ಪಿಸಿದ ಮಾತ್ರಕ್ಕೆ ಸೊಸೈಟಿಯ ಹೊಣೆ ಮುಗಿಯಿತೆಂದು ಯಾರೂ ಭಾವಿಸಬಾರದು.

ಆರೋಗ್ಯದ ಎಚ್ಚರಿಕೆ

ಕುಡಿಯುವ ನೀರಿನ ನೆಲತೊಟ್ಟಿಯ ಸಮೀಪದಲ್ಲಿ ಚೇಂಬರು ಸೋರಿದರೆ ಕಾಮಾಲೆ, ವಿಷಮಶೀತ ಜ್ವರ, ವಾಂತಿಭೇದಿಗಳು ಇಡೀ ಕಟ್ಟಡಕ್ಕೆ ಹರಡಬಲ್ಲವು. ನೀರು ಕದಡಿದ್ದರೆ ಅಥವಾ ನಾರುತ್ತಿದ್ದರೆ ಕೂಡಲೇ ಅದನ್ನು ಕುಡಿಯುವುದನ್ನು ಬಿಟ್ಟು ತೊಟ್ಟಿಯನ್ನು ಪರೀಕ್ಷೆ ಮಾಡಿಸಿರಿ. ಮಳೆಗಾಲದಲ್ಲಿ ಕುಡಿಯುವ ನೀರನ್ನು ಕುದಿಸಿಯೇ ಬಳಸಿರಿ. ನೆರೆಯ ನೀರಿನಲ್ಲಿ ನಡೆದ ಬಳಿಕ ಜ್ವರ ಬಂದರೆ ಅದು ಇಲಿಜ್ವರವಿರಬಹುದು. ವೈದ್ಯರಿಗೆ ಆ ಸಂಗತಿಯನ್ನು ಮರೆಯದೆ ಹೇಳಿರಿ.

ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಚೇಂಬರುಗಳನ್ನೊಮ್ಮೆ ನೋಡಿಸುವುದು, ಟ್ಯಾಂಕು ಬರಿದುಮಾಡಿದ ತಾರೀಖನ್ನು ಸೊಸೈಟಿಯ ಪುಸ್ತಕದಲ್ಲಿ ಬರೆದಿಡುವುದು, ಸ್ಯಾನಿಟರಿ ಪ್ಯಾಡು, ಬಟ್ಟೆಚೂರು, ಎಣ್ಣೆಜಿಡ್ಡುಗಳನ್ನು ಕೊಳವೆಗೆ ಹಾಕದಿರುವುದು. ಇಷ್ಟಾದರೆ ನಮ್ಮ ಮನೆಗಳು ಶುಚಿಯಾಗಿದ್ದಾವು. ದರಪತ್ರಕ್ಕೆ ಸಹಿ ಹಾಕುವ ಮುನ್ನ, ಒಳಗೆ ಯಾರೂ ಇಳಿಯುವುದಿಲ್ಲವೆಂಬ ಮಾತನ್ನು ಬರೆಯಿಸಿಕೊಳ್ಳಿರಿ. ನಮ್ಮ ಮನೆಯ ಶುಚಿಗಾಗಿ ಮತ್ತೊಂದು ಮನೆಯ ದೀಪ ಆರಬಾರದು.