ತೊಡೆಯ ಮೇಲೆ ತಾಳ

ಮೆಚ್ಚಿನ ಬ್ಯಾಂಡ್ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಪಿಂಕ್ ಫ್ಲಾಯ್ಡ್, ಆಮೇಲೆ ಶಕ್ತಿ. ಮೆಚ್ಚಿನ ವಾದಕರು ಅಂದರೆ ಕದ್ರಿ ಗೋಪಾಲನಾಥ್. ಈ ಪಟ್ಟಿಗೆ ತಲೆಬುಡ ಇಲ್ಲ ಅಂತ ಮನೆಯವರೂ ಸ್ನೇಹಿತರೂ ನಗುತ್ತಾರೆ. ಇದೆ. ಹಾಡು ಕಿವಿಗೆ ಬಿದ್ದಾಗ ಬೇರೆಯವರು ಕಂಠವನ್ನೋ ಸಾಹಿತ್ಯವನ್ನೋ ಹಿಡಿದುಕೊಂಡರೆ ನನ್ನ ಗಮನ ಹೋಗುವುದು ಅದರ ನಡೆಯ ಮೇಲೆ. ಕಾಲು ಎಲ್ಲಿ ಊರುತ್ತದೆ, ಎಲ್ಲಿ ಜಾರುತ್ತದೆ, ಅಷ್ಟೇ.

ಹುಡುಗನಾಗಿದ್ದಾಗ ಬಸವನಗುಡಿಯಲ್ಲಿ ಮೃದಂಗದ ಪಾಠಕ್ಕೆ ಹೋಗುತ್ತಿದ್ದೆ. ಮೇಷ್ಟ್ರು ತಿಂಗಳುಗಟ್ಟಲೆ ವಾದ್ಯ ಮುಟ್ಟಲು ಬಿಡಲಿಲ್ಲ. ಬಾಯಲ್ಲಿ ಸೊಲ್ಲು, ತೊಡೆಯ ಮೇಲೆ ತಾಳ. ನಮ್ಮದೆಲ್ಲ ಮುಗಿದ ಮೇಲೆ ಅವರು ಮೃದಂಗದ ಎಡಮುಖಕ್ಕೆ, ಅಂದರೆ ತೊಪ್ಪಿಗೆ, ಒದ್ದೆ ರವೆ ಮೆತ್ತಿ, ಬೆರಳಿಂದ ಒತ್ತಿ, ಒಂದು ಗುಂಕಿ ಕೊಟ್ಟು ನೋಡಿ, ಸಾಲದಿದ್ದರೆ ಇನ್ನಷ್ಟು ಮೆತ್ತುತ್ತಿದ್ದರು. ಆ ಗುಂಕಿಯ ನಾದ ನೆಲಕ್ಕಿಳಿದು ನನ್ನ ತೊಡೆಗೆ ಬರುತ್ತಿತ್ತು. ನಾನು ಮೃದಂಗದವನಾಗಲಿಲ್ಲ, ಬ್ಯಾಂಕಿನವನಾದೆ. ಆದರೆ ತೊಡೆ ತಟ್ಟುವ ಚಾಳಿ ಉಳಿಯಿತು.

ಪಿಂಕ್ ಫ್ಲಾಯ್ಡ್ ಸಿಕ್ಕಿದ್ದು ಕಾಲೇಜಿನಲ್ಲಿ, ಸ್ನೇಹಿತನೊಬ್ಬನ ಕ್ಯಾಸೆಟ್ಟಿನಲ್ಲಿ. 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’. ಅದರಲ್ಲಿರುವ ‘ಮನಿ’ ಶುರುವಾಗುವುದು ಚಿಲ್ಲರೆ ಕಾಸಿನ ಝಣಝಣ, ಕಾಗದ ಹರಿಯುವ ಸದ್ದು, ಗಲ್ಲಾ ಯಂತ್ರದ ಟಿಂಗ್ ಇವುಗಳಿಂದ. ಆಗ ಕಂಪ್ಯೂಟರಿನ ಸೌಲಭ್ಯವಿಲ್ಲ. ಒಂದೊಂದು ಸದ್ದನ್ನೂ ಬೇರೆಬೇರೆ ಮುದ್ರಿಸಿ, ಟೇಪನ್ನು ಅಳತೆಪಟ್ಟಿಯಿಟ್ಟು ಸಮನಾಗಿ ಕತ್ತರಿಸಿ, ಏಳು ತುಂಡು ಅಂಟಿಸಿ ಸುತ್ತು ತಿರುಗುವ ಹಾಗೆ ಮಾಡಿದ್ದರು. ಅದರ ಬೆನ್ನಿಗೇ ರೋಜರ್ ವಾಟರ್ಸ್‌ನ ಬೇಸ್ ಗಿಟಾರ್ ಬರುತ್ತದೆ. ಒಂದು ಸುತ್ತು ಕೇಳುವಷ್ಟರಲ್ಲಿ ನನ್ನ ಕೈ ತೊಡೆಗೆ ಹೋಗಿತ್ತು. ತಕಿಟ ತಕದಿಮಿ. ಮೂರು, ನಾಲ್ಕು. ಲಂಡನ್ನಿನವರ ಕೈಯಲ್ಲಿ ನಮ್ಮ ಮಿಶ್ರ ಛಾಪಿನ ಏಳು!

ಪಕ್ಕದಲ್ಲಿದ್ದ ಸ್ನೇಹಿತ ಒಪ್ಪಲಿಲ್ಲ. ಅವನ ಪ್ರಕಾರ ಅದು ನಾಲ್ಕು, ಆಮೇಲೆ ಮೂರು. ಇಬ್ಬರೂ ಬಿಡಲಿಲ್ಲ. ಮೇಷ್ಟ್ರ ಹತ್ತಿರ ಪಂಚಾಯ್ತಿಗೆ ಹೋದಾಗ ಅವರು ಇಂಗ್ಲಿಷ್ ಹಾಡನ್ನು ಪೂರ್ತಿ ಕೇಳಿ, “ನೀನು ಛಾಪು ಅಂತೀಯ, ಇವನು ವಿಲೋಮ ಅಂತಾನೆ. ಶ್ಯಾಮಾ ಶಾಸ್ತ್ರಿಗಳು ಎರಡರಲ್ಲೂ ಮಾಡಿದಾರೆ, ಹೋಗ್ರಯ್ಯ” ಅಂದರು. ಎಣಿಕೆ ಒಂದೇ ಆದರೂ ಒತ್ತು ಎಲ್ಲಿ ಬೀಳುತ್ತದೆ ಅನ್ನುವುದರ ಮೇಲೆ ಹಾಡಿನ ಗುಣವೇ ಬದಲಾಗುತ್ತದೆ ಅನ್ನುವುದು ಅವತ್ತು ನನಗೆ ತಿಳಿಯಿತು. ಇದೇ ಹಾಡಿನಲ್ಲಿ ಡಿಕ್ ಪ್ಯಾರಿಯ ಸ್ಯಾಕ್ಸೊಫೋನ್ ಏಳರಲ್ಲೇ ಸಾಗಿ, ಡೇವಿಡ್ ಗಿಲ್ಮರ್‌ನ ಗಿಟಾರ್ ಬಂದ ಕೂಡಲೇ ತಾಳ ನಾಲ್ಕಕ್ಕೆ ತಿರುಗುತ್ತದೆ. ಕುಂಟುತ್ತಿದ್ದ ಕಾಲು ಸರಿಯಾಗಿ ಓಡಲು ಶುರುವಾದ ಹಾಗೆ ಎದೆ ಹಗುರಾಗುತ್ತದೆ. ಅಲ್ಲಿಯವರೆಗೆ ಬಿಗಿಹಿಡಿದ ಏಳು ಇಲ್ಲದಿದ್ದರೆ ಆ ನಾಲ್ಕಕ್ಕೆ ಅಷ್ಟು ರುಚಿ ಬರುತ್ತಿರಲಿಲ್ಲ.

ಅಲ್ಲಿಂದ ಜ್ಯಾಝ್‌ಗೆ ಹೋದೆ. 1959ರಲ್ಲಿ ಡೇವ್ ಬ್ರೂಬೆಕ್‌ನ ತಂಡ ತಂದ ‘ಟೈಮ್ ಔಟ್’ನಲ್ಲಿ ‘ಟೇಕ್ ಫೈವ್’ ಅಂತ ಒಂದಿದೆ. ಬರೆದವನು ತಂಡದ ಆಲ್ಟೊ ಸ್ಯಾಕ್ಸೊಫೋನ್ ವಾದಕ ಪಾಲ್ ಡೆಸ್ಮಂಡ್. ಐದು ಎಣಿಕೆ. ನಮ್ಮ ಖಂಡ ಛಾಪಿನಲ್ಲಿ ಎರಡು ಮೊದಲು, ಮೂರು ಆಮೇಲೆ: ತಕ ತಕಿಟ. ಬ್ರೂಬೆಕ್‌ನ ಪಿಯಾನೊ ಹಿಡಿದಿರುವುದು ತಿರುವುಮುರುವು, ಮೂರು ಮೊದಲು. ಖಂಡ ಛಾಪಿನಲ್ಲೊಂದು ಕೀರ್ತನೆ ಗುನುಗಿಕೊಳ್ಳುತ್ತಾ ಇದಕ್ಕೆ ತಾಳ ಹಾಕಲು ನೋಡಿ, ಕೈ ಮುಗ್ಗರಿಸುತ್ತದೆ.

ಡೆಸ್ಮಂಡ್‌ನ ಆಲ್ಟೊ ಕೇಳಿದ ಮೇಲೆ ಕದ್ರಿಯವರ ಆಲ್ಟೊ ಕೇಳಬೇಕು. ತಂದೆಯಿಂದ ನಾಗಸ್ವರ ಕಲಿತ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನೋಡಿ ಮರುಳಾದ ಕತೆ ಎಲ್ಲರಿಗೂ ಗೊತ್ತು. ಸ್ವರಕ್ಕೊಂದು ಕೀಲಿ ಇರುವ ವಾದ್ಯದಲ್ಲಿ ಗಮಕ ತರುವುದಕ್ಕೆ ಅವರು ಹೆಚ್ಚುಕಡಿಮೆ ಇಪ್ಪತ್ತು ವರ್ಷ ತೇಯ್ದರು. ಕೀಲಿ ತಡೆಯುವ ಕಡೆ ತುಟಿ, ಉಸಿರು ಕೆಲಸ ಮಾಡಬೇಕು. ಮದ್ರಾಸಿನಲ್ಲಿ ಅವರನ್ನು ತಿದ್ದಿದ ಟಿ.ವಿ. ಗೋಪಾಲಕೃಷ್ಣನ್ ಹಾಡುಗಾರರೂ ಹೌದು, ಮೃದಂಗ ವಿದ್ವಾಂಸರೂ ಹೌದು. ಕದ್ರಿಯವರ ಸ್ವರಪ್ರಸ್ತಾರದಲ್ಲಿ ಆ ಪಾಠ ನನಗೆ ಕೇಳಿಸುತ್ತದೆ. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಬಿಬಿಸಿ ಪ್ರಾಮ್ಸ್‌ಗೆ ಅವರಿಗೆ ಕರೆ ಬಂತು. ಕರ್ನಾಟಕ ಸಂಗೀತದವರಲ್ಲಿ ಅವರೇ ಮೊದಲಿಗರು.

ಇನ್ನು ಶಕ್ತಿ. ಫ್ಯೂಷನ್ ಹೆಸರಿನಲ್ಲಿ ನಡೆಯುವ ಬಹುಪಾಲು ಕಾರ್ಯಕ್ರಮ ನನಗೆ ಸೇರುವುದಿಲ್ಲ. ಗಿಟಾರಿನವನು ಒಂದಷ್ಟು, ತಬಲದವನು ಒಂದಷ್ಟು, ಕೊನೆಗೆ ಒಬ್ಬರ ಮೇಲೊಬ್ಬರು ಬಿದ್ದು ಚಪ್ಪಾಳೆ ಗಿಟ್ಟಿಸುವುದು. ಶಕ್ತಿ ಹಾಗಲ್ಲ. ಜಾನ್ ಮೆಕ್‌ಲಾಫ್ಲಿನ್ ತನ್ನ ವಾದ್ಯವನ್ನೇ ಬದಲಾಯಿಸಿಕೊಂಡ. ಗಿಟಾರಿನ ಮೆಟ್ಟಿಲುಗಳ ನಡುವಿನ ಮರವನ್ನು ವೀಣೆಯ ಹಾಗೆ ತಂತಿ ಎಳೆಯಲು ಬರಲೆಂದು ಹಳ್ಳ ತೋಡಿಸಿದ. ಶ್ರುತಿಗೆಂದು ಅಡ್ಡಡ್ಡ ಬೇರೆ ತಂತಿಗಳನ್ನು ಹಾಕಿಸಿದ. ಪಕ್ಕದಲ್ಲಿ ಎಲ್. ಶಂಕರ್ ಪಿಟೀಲು, ಝಾಕಿರ್ ಹುಸೇನ್ ತಬಲ, ವಿಕ್ಕು ವಿನಾಯಕರಾಮ್ ಘಟ. ಘಟದ ಬಾಯನ್ನು ಹೊಟ್ಟೆಗೆ ಒತ್ತಿ ಬಿಟ್ಟು, ಮಣ್ಣಿನ ಮಡಕೆಯಿಂದ ಬೇಸ್ ಗಿಟಾರಿನಂಥ ನಾದ ಎಬ್ಬಿಸುವುದನ್ನು ಹೆಡ್‌ಫೋನ್ ಹಾಕಿಕೊಂಡೇ ಕೇಳಬೇಕು. 1975ರಲ್ಲಿ ಮುದ್ರಿಸಿದ ಅವರ ಮೊದಲ ಆಲ್ಬಂ ಸ್ಟುಡಿಯೊದ್ದಲ್ಲ, ಕಛೇರಿಯದ್ದು. ಆಮೇಲೆ ಹೊಸಬರನ್ನು ಸೇರಿಸಿಕೊಂಡು ಮತ್ತೆ ಕೂತ ತಂಡಕ್ಕೆ 2024ರಲ್ಲಿ ಗ್ರ್ಯಾಮಿ ಬಂತು. ಆ ವರ್ಷದ ಡಿಸೆಂಬರಿನಲ್ಲಿ ಝಾಕಿರ್ ಹೋದರು.

ಮೆಟಲ್ ಬಗ್ಗೆ ಹೇಳದಿದ್ದರೆ ಮಗ ಕೋಪಿಸಿಕೊಳ್ಳುತ್ತಾನೆ. ಐರನ್ ಮೇಡನ್‌ನ ಸ್ಟೀವ್ ಹ್ಯಾರಿಸ್ ಬೆರಳಿಂದಲೇ ಬೇಸ್ ಮೀಟಿ ಕುದುರೆ ಓಡಿಸುತ್ತಾನೆ: ತಾಂತಕ ತಾಂತಕ ತಾಂತಕ. 2007ರ ಮಾರ್ಚಿನಲ್ಲಿ ಅವರು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಈ ಊರಿನ ಹುಡುಗರು ಕುಣಿದದ್ದು ಆ ಮೂರಕ್ಷರದ ಸೊಲ್ಲಿಗೇ. ಅಷ್ಟು ಸಾಕು.

ಇಷ್ಟು ವರ್ಷದಲ್ಲಿ ನನಗೆ ಒಗ್ಗಿರುವ ಕ್ರಮ ಹೀಗಿದೆ. ಹೊಸ ಹಾಡಾದರೆ ಮೊದಲ ಸಲ ಎಣಿಸುತ್ತೇನೆ. ಎರಡನೆಯ ಸಲ ಒತ್ತು ಹುಡುಕುತ್ತೇನೆ. ಮೂರನೆಯ ಸಲ ಕೈ ಕಟ್ಟಿ ಕೂರುತ್ತೇನೆ. ಆಗಲೂ ಕಾಲು ತಾನಾಗಿ ಆಡಿದರೆ ಆ ಹಾಡು ಪಟ್ಟಿಗೆ ಸೇರುತ್ತದೆ. ಲೆಕ್ಕವೊಂದೇ ಇರುವ ಹಾಡು ಎರಡನೆಯ ಸಲಕ್ಕೇ ಬಿದ್ದುಹೋಗುತ್ತದೆ. ಹಾಗೆ ಬಿದ್ದುಹೋದ ದೊಡ್ಡ ಹೆಸರುಗಳು ಬೇಕಾದಷ್ಟಿವೆ.

ಒಂದು ವಿಷಯ ಮಾತ್ರ ಈಗಲೂ ನುಂಗಲಾಗುವುದಿಲ್ಲ. ರಾಕ್ ಕಛೇರಿಯಲ್ಲಿ ಡ್ರಮ್ಮರ್ ಒಬ್ಬನೇ ಬಾರಿಸತೊಡಗಿದರೆ ಜನ ಕೂಗಿ ಕುಣಿಯುತ್ತಾರೆ. ನಮ್ಮಲ್ಲಿ ತನಿ ಆವರ್ತನ ಶುರುವಾಯಿತೋ ಅರ್ಧ ಸಭೆ ಕಾಫಿ ಬೋಂಡಕ್ಕೆ ಎದ್ದು ಹೋಗುತ್ತದೆ. ಎರಡು ಗಂಟೆ ಬಗ್ಗಿ ಕೂತು ಗಾಯಕರಿಗೆ ನೆರಳಾಗಿದ್ದವರಿಗೆ ಸಿಗುವ ಹದಿನೈದು ನಿಮಿಷ ಅದು. ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಛೇರಿಗಳು ಪ್ರತಿವರ್ಷ ನಡೆಯುತ್ತವೆ. ಹೋದರೆ, ದಯವಿಟ್ಟು ತನಿ ಮುಗಿಯುವವರೆಗೆ ಏಳಬೇಡಿ. ಕ್ಯಾಂಟೀನ್ ಆಮೇಲೂ ತೆರೆದಿರುತ್ತದೆ.