ವೈರ್‌ಲೆಸ್ ಸೆಟ್ ಕೊಳ್ಳುವ ಮುನ್ನ

ತಮ್ಮಾ, ಪೊಲೀಸರು, ಅಗ್ನಿಶಾಮಕದವರು ಆಡುವ ಮಾತು ಕೇಳಿಸುವಂಥ ಕೈ ಸ್ಕ್ಯಾನರ್ ಯಾವುದು ಒಳ್ಳೆಯದು ಎಂದು ಕೇಳಿದ್ದೀ. ಅಮೆರಿಕದಲ್ಲಿರುವ ನಿಮ್ಮ ಸೋದರತ್ತೆಯ ಮಗ ಬರುವಾಗ ಒಂದು ತಂದುಕೊಡುತ್ತೇನೆ ಅಂದಿದ್ದಾನಂತೆ. ತರಿಸಬೇಡ. ನಿನ್ನ ಆಸೆ ಕೆಟ್ಟದ್ದೆಂದು ಹೇಳುತ್ತಿಲ್ಲ. ಗಾಳಿಯಲ್ಲಿ ಹೋಗುವ ಮಾತನ್ನು ಹಿಡಿಯಬೇಕು ಅನ್ನಿಸುವುದು ಚುರುಕು ಹುಡುಗರಿಗೇ. ಆ ಆಸೆಗೆ ಇನ್ನೂ ದೊಡ್ಡ ದಾರಿ ಇದೆ, ಅದನ್ನು ತೋರಿಸಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾನೂನು. ಹಿಂದೆ ಹಾಡು, ವಾರ್ತೆ ಕೇಳುವ ರೇಡಿಯೊಗೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಬೇಕಿತ್ತು. 1980ರ ದಶಕದಲ್ಲಿ ಅದು ಹೋಯಿತು. ಆದರೆ ಆಕಾಶವಾಣಿ ಎಲ್ಲರಿಗಾಗಿ ಮಾತಾಡುತ್ತದೆ, ಪೊಲೀಸ್ ವೈರ್‌ಲೆಸ್ ಹಾಗಲ್ಲ. 2023ರ ದೂರಸಂಪರ್ಕ ಕಾಯ್ದೆಯ 42ನೇ ಕಲಮಿನ ಪ್ರಕಾರ ಬೇರೆಯವರ ಸಂದೇಶವನ್ನು ಅಕ್ರಮವಾಗಿ ಹಿಡಿದು ಕೇಳಿದರೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ಎರಡು ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೆಲಸಕ್ಕೆ ಅರ್ಜಿ ಹಾಕುವ ವಯಸ್ಸಿನಲ್ಲಿ ಒಂದು ಕೇಸು ಬಿದ್ದರೆ ಏನಾಗುತ್ತದೆ ಎಂಬುದು ನಿನಗೆ ಗೊತ್ತು. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಸ್ಕ್ಯಾನರ್ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ನಿಜ. ಆದರೆ ಅಲ್ಲಿಯೂ ನ್ಯೂಯಾರ್ಕ್ ಪೊಲೀಸರು 2023ರಿಂದ ತಮ್ಮ ಮಾತನ್ನು ಗೂಢಲಿಪಿಗೆ ಹಾಕತೊಡಗಿದ್ದಾರೆ. ಸಾವಿರಗಟ್ಟಲೆ ಕೊಟ್ಟು ಕೊಂಡ ಸೆಟ್ಟಿನಲ್ಲಿ ಬರೀ ಗರಗರ ಸದ್ದು.

ಕಾನೂನಿಗಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ನಮ್ಮ ಕಡೆಯ ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ಒಂದೇ ರಸ್ತೆಯ ಮೇಲಿವೆ, ರಾಷ್ಟ್ರೀಯ ಹೆದ್ದಾರಿ 150ಎ. ಅಲ್ಲಿ ಒಂದು ಅಪಘಾತವಾದರೆ ವೈರ್‌ಲೆಸ್‌ನಲ್ಲಿ ಗಾಡಿ ನಂಬರು ಹೋಗುತ್ತದೆ, ಸತ್ತವರ ಊರು, ಹೆಸರು ಹೋಗುತ್ತದೆ. ಅವರ ತಾಯಿಗೆ ಇನ್ನೂ ಸುದ್ದಿ ಮುಟ್ಟಿರುವುದಿಲ್ಲ. ನೀನು ಕೇಳಿ ಸುಮ್ಮನಿದ್ದೀಯೆಂದೇ ಇಟ್ಟುಕೋ, ನಿನ್ನ ಪಕ್ಕ ಕೂತ ಗೆಳೆಯ ಅದನ್ನು ವಾಟ್ಸಾಪಿಗೆ ಹಾಕದೆ ಬಿಡುತ್ತಾನೆಯೇ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಅಂಥ ರಾತ್ರಿ ಅರ್ಧ ಕೇಳಿದ ಒಂದು ವಾಕ್ಯ ಸಾಕು, ಎಡದಂಡೆ ಕಾಲುವೆಯುದ್ದಕ್ಕೂ ಜನ ಗಾಬರಿಬೀಳಲು.

ಹಾಗಾದರೆ ಏನು ಮಾಡಬೇಕು? ಹ್ಯಾಮ್ ಆಗು, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೊಗಾರ. ಹನ್ನೆರಡು ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆಗೆ ಕೂಡಬಹುದು. ಕೇಂದ್ರ ಸರ್ಕಾರದ ಸಂಪರ್ಕ ಸಚಿವಾಲಯ ನಡೆಸುವ ಪರೀಕ್ಷೆ ಇದು; ಅರ್ಜಿ ಸರಳ ಸಂಚಾರ್ ಪೋರ್ಟಲಿನಲ್ಲಿ. ಎರಡು ದರ್ಜೆಗಳಿವೆ. ರಿಸ್ಟ್ರಿಕ್ಟೆಡ್ ದರ್ಜೆಗೆ ರೇಡಿಯೊ ತತ್ವ ಮತ್ತು ನಿಯಮಗಳು ಗೊತ್ತಿದ್ದರೆ ಸಾಕು. ಜನರಲ್ ದರ್ಜೆಗೆ ನಿಮಿಷಕ್ಕೆ ಎಂಟು ಪದದ ವೇಗದಲ್ಲಿ ಮೋರ್ಸ್ ಕೂಡ ಬರಬೇಕು. ಪಿಯುಸಿ ಭೌತಶಾಸ್ತ್ರ ಓದಿದವರಿಗೆ ಮೊದಲನೆಯದು ಕಷ್ಟವಲ್ಲ. ಪಾಸಾದ ಮೇಲೆ ನಿನಗೊಂದು ಕರೆಗುರುತು ಸಿಗುತ್ತದೆ, ಇಡೀ ಜಗತ್ತಿನಲ್ಲಿ ಅದು ನಿನ್ನೊಬ್ಬನದೇ. 2025ರ ಜುಲೈನಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರಿಕ್ಷ ನಿಲ್ದಾಣದಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಕೂತ ವಿದ್ಯಾರ್ಥಿಗಳೊಡನೆ ಮಾತಾಡಿದ್ದು ಇದೇ ಹ್ಯಾಮ್ ರೇಡಿಯೊದಲ್ಲಿ.

ಇದು ನಮ್ಮ ಭಾಗಕ್ಕೆ ಏಕೆ ಬೇಕೆಂದು ಹೇಳುತ್ತೇನೆ ಕೇಳು. ನಾರಾಯಣಪುರದ ಬಸವಸಾಗರ ಜಲಾಶಯದಿಂದ ನೀರು ಹೆಚ್ಚು ಬಿಟ್ಟಾಗಲೆಲ್ಲ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗುತ್ತದೆ. ಕರಕಲಗಡ್ಡಿ, ಮ್ಯಾದರಗಡ್ಡಿಯಂಥ ನಡುಗಡ್ಡೆಯ ಜನ ಕೃಷ್ಣೆಯ ನಡುವೆ ಉಳಿದುಬಿಡುತ್ತಾರೆ. ಕರೆಂಟು ಹೋಗಿ ಮೊಬೈಲ್ ಟವರಿನ ಬ್ಯಾಟರಿ ಇಳಿದರೆ ಆಚೆ ದಡದವರಿಗೆ ಮಾತು ಮುಟ್ಟುವುದು ಹೇಗೆ? 2004ರ ಡಿಸೆಂಬರಿನಲ್ಲಿ ಸುನಾಮಿ ಬಂದಾಗ ಅಂಡಮಾನಿನಲ್ಲಿದ್ದ ಹ್ಯಾಮ್‌ಗಳೇ ಹೊರಗಿನವರಿಗೆ ಸುದ್ದಿ ಮುಟ್ಟಿಸಿದರು. ಪೊಲೀಸರ ಮಾತನ್ನು ಕದ್ದು ಕೇಳುವವನಿಂದ ಅಂಥ ಹೊತ್ತಿನಲ್ಲಿ ಯಾರಿಗೂ ಉಪಯೋಗವಿಲ್ಲ. ತಹಶೀಲ್ದಾರರ ಮುಂದೆ ಲೈಸೆನ್ಸ್ ಇಟ್ಟು, ಸರ್, ನಾನೊಂದು ಸ್ಟೇಷನ್ ನಡೆಸುತ್ತೇನೆ ಅನ್ನುವವನು ಬೇಕು.

ಈಗ ಸೆಟ್ಟಿನ ವಿಷಯ. ಲೈಸೆನ್ಸ್ ಬಂದ ಮೇಲೆ 144ರಿಂದ 146 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಕೈ ಸೆಟ್ ತಗೋ. ವಾಟ್ ಎಷ್ಟೆಂದು ಅಂಗಡಿಯವನು ಜಂಬ ಹೊಡೆದರೆ ಮರುಳಾಗಬೇಡ. ಈ ತರಂಗಗಳು ಹೆಚ್ಚುಕಡಿಮೆ ನೇರ ದಾರಿಯಲ್ಲಿ ಹೋಗುತ್ತವೆ. ನಮ್ಮ ಬಯಲಿನಲ್ಲೇ ಆದರೂ ನಿಂತು ಮಾತಾಡುವ ಇಬ್ಬರ ನಡುವೆ ನೆಲದ ದುಂಡು ಅಡ್ಡ ಬರುವುದು ಸುಮಾರು ಹತ್ತು ಕಿಲೊಮೀಟರಿಗೆ. ಮನೆ, ಮರಗಳು ಅದನ್ನೂ ಮೂರ್ನಾಲ್ಕಕ್ಕೆ ಇಳಿಸುತ್ತವೆ. ಎರಡೂ ಕಡೆ ಏರಿಯಲ್ 15 ಮೀಟರ್ ಎತ್ತರದಲ್ಲಿದ್ದರೆ ಲೆಕ್ಕ 30 ಕಿಲೊಮೀಟರ್ ದಾಟುತ್ತದೆ. ಸಿಂಧನೂರಿಗೆ ಮಸ್ಕಿ, ಮಸ್ಕಿಗೆ ಲಿಂಗಸುಗೂರು ಸಿಗುವಷ್ಟು. ಅದಕ್ಕೇ ಹೇಳುವುದು, ದುಡ್ಡನ್ನು ಸೆಟ್ಟಿಗಿಂತ ಏರಿಯಲ್ಲಿಗೆ ಹಾಕು.

ಏರಿಯಲ್ ಮನೆಯಲ್ಲೇ ಆಗುತ್ತದೆ. ಗಟ್ಟಿ ತಾಮ್ರದ ತಂತಿಯ ಐದು ತುಂಡು ಕತ್ತರಿಸು, ಒಂದೊಂದೂ 50 ಸೆಂಟಿಮೀಟರ್. ಏರಿಯಲ್ ಕೇಬಲ್ ಸಿಕ್ಕಿಸಲು ನಾಲ್ಕು ಮೂಲೆಯಲ್ಲೂ ತೂತಿರುವ ಚೌಕನೆಯ ಸಾಕೆಟ್ ಸಿಗುತ್ತದೆ. ನಡುವಿನ ಪಿನ್ನಿಗೆ ಒಂದು ತಂತಿ ನೆಟ್ಟಗೆ ಬೆಸುಗೆ ಹಾಕು, ಉಳಿದ ನಾಲ್ಕನ್ನು ಮೂಲೆಗಳಿಗೆ ಕಟ್ಟಿ 45 ಡಿಗ್ರಿ ಕೆಳಕ್ಕೆ ಬಾಗಿಸು. ಬೆಸುಗೆಯ ಮೇಲೆ ಎಂ-ಸೀಲ್ ಮೆತ್ತು, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಕೇಬಲಿನೊಳಗೆ ನೀರಿಳಿಯುತ್ತದೆ. ಕೊನೆಗೆ ಸೆಟ್ಟಿಗೆ ಮರಳುವ ಶಕ್ತಿ ತೋರಿಸುವ ಮೀಟರ್ ಇಟ್ಟು ನೋಡುತ್ತ ನಡುವಿನ ತಂತಿಯನ್ನು ಸ್ವಲ್ಪ ಸ್ವಲ್ಪ ಕತ್ತರಿಸುತ್ತ ಬಾ. ಗುಡುಗಿನ ಮೋಡ ಕಂಡ ಕೂಡಲೇ ಕೇಬಲ್ ಕಿತ್ತು ಹೊರಗಿಡು. ಇದರಲ್ಲಿ ಉದಾಸೀನ ಮಾಡಬೇಡ, ನಮ್ಮ ಕಡೆ ಸಿಡಿಲಿಗೆ ಜನ ಸಾಯುತ್ತಾರೆ.

ಅಂಬಾಮಠದ ಜಾತ್ರೆಯಲ್ಲಿ ಸ್ವಯಂಸೇವಕರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲು ಸೆಟ್ ಬೇಕು ಅನ್ನುವುದಾದರೆ ಅದಕ್ಕೆ ಹ್ಯಾಮ್ ಲೈಸೆನ್ಸ್ ಬೇಡ. 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ವಾಕಿ-ಟಾಕಿಗಳಿಗೆ ಲೈಸೆನ್ಸ್ ವಿನಾಯಿತಿ ಇದೆ. ಆನ್‌ಲೈನಿನಲ್ಲಿ ಕೊಳ್ಳುವಾಗ ಫ್ರೀಕ್ವೆನ್ಸಿ ಯಾವುದು, ಸರ್ಕಾರದ ಇಟಿಎ (ಉಪಕರಣ ಮಾದರಿ) ಮಂಜೂರಾತಿ ಇದೆಯೇ ಎರಡನ್ನೂ ನೋಡು. ಅದನ್ನು ತಿಳಿಸದೆ ಮಾರುವವರು ಬಹಳಾದರೆಂದು 2025ರಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರವೇ ಮಾರ್ಗಸೂಚಿ ಹೊರಡಿಸಬೇಕಾಯಿತು.

ಪರೀಕ್ಷೆಯ ತನಕ ಮೀಡಿಯಂ ವೇವ್, ಶಾರ್ಟ್ ವೇವ್ ಇರುವ ಸಾಮಾನ್ಯ ರೇಡಿಯೊ ಒಂದನ್ನು ಇಟ್ಟುಕೋ, ಪೆನ್ಸಿಲ್ ಸೆಲ್ ಹಾಕುವಂಥದ್ದು. ರಾತ್ರಿ 765 ಕಿಲೊಹರ್ಟ್ಸ್‌ನಲ್ಲಿ ಧಾರವಾಡ ಹಿಡಿದು ನೋಡು, ಹಗಲಿಗೂ ರಾತ್ರಿಗೂ ಏನು ವ್ಯತ್ಯಾಸವೆಂದು ನೋಟ್‌ಬುಕ್ಕಿನಲ್ಲಿ ಹೊತ್ತುಸಮೇತ ಬರೆ. ಪರೀಕ್ಷೆಯಲ್ಲಿ, ರೇಡಿಯೊ ತರಂಗವನ್ನು ಮೇಲಿನಿಂದ ಮರಳಿಸುವ ಅಯಾನುಗೋಳದ ಪ್ರಶ್ನೆ ಬಂದಾಗ ಆ ನೋಟ್‌ಬುಕ್ ನೆನಪಿಗೆ ಬರುತ್ತದೆ. ನಿಮ್ಮ ತಂಗಿಗೂ ಹನ್ನೆರಡು ತುಂಬಿದೆಯಲ್ಲ, ಅವಳನ್ನೂ ಜೊತೆಗೆ ಕೂಡಿಸು. ಅರ್ಜಿ ತುಂಬುವ ಮುನ್ನ ಇಬ್ಬರ ಆಧಾರಿನಲ್ಲೂ ಹೆಸರು, ಹುಟ್ಟಿದ ತಾರೀಖು ಶಾಲೆಯ ದಾಖಲೆಗೆ ಹೊಂದುತ್ತವೆಯೇ ನೋಡಿಟ್ಟುಕೋ.